ತಲೆ ಯಾಕೆ ಗಾಳಿಯಲ್ಲಿದೆ?

ಮಲಗಿರೋರನ್ನ ಬರೀಬಾರದು ಅಂತ ನನಗೆ ಮೊದಲು ಹೇಳಿದ್ದು ಹೂ ಕಟ್ಟುವ ಒಬ್ಬ ಅಜ್ಜಿ. 2024ರ ಮೇ 19, ಭಾನುವಾರ ಬೆಳಿಗ್ಗೆ. ಕೆ.ಆರ್. ಮಾರ್ಕೆಟ್ಟಿನ ಹೊರಗಡೆ ಖಾಲಿ ಚೀಲಗಳ ರಾಶಿ ಪಕ್ಕ ನಿಂತು, ಕಳ್ಳನ ಹಾಗೆ ಸ್ಕೆಚ್ ಪುಸ್ತಕ ತೆರೆದಿದ್ದೆ. ಎದುರಿಗೊಂದು ತಳ್ಳುಗಾಡಿ. ಅದರೊಳಗೆ ಒಬ್ಬ ಹುಡುಗ ಗಾಢ ನಿದ್ದೆಯಲ್ಲಿದ್ದ.

"ಏನ್ ಸಾರ್, ಮಲ್ಗಿರೋರ್ನ ಬರೀತಿದೀರಾ? ಒಳ್ಳೇದಲ್ಲ ಸಾರ್ ಅದು. ಎದ್ಮೇಲೆ ಕೇಳ್ಬಿಟ್ಟು ಬರ್ಕೊಳಿ."

ಯಾಕೆ ಒಳ್ಳೇದಲ್ಲ ಅಂತ ಕೇಳಿದೆ. ಏನೋ ಶಾಸ್ತ್ರ ಹೇಳ್ತಾರೆ ಅಂದುಕೊಂಡಿದ್ದೆ. ಕನಕಾಂಬರ ಕಟ್ಟುತ್ತಿದ್ದ ಅವರ ಕೈ ನಿಲ್ಲಲಿಲ್ಲ. "ನೀವ್ ಮಲಗಿದ್ದಾಗ ಯಾರಾದ್ರೂ ಬಂದು ನೋಡ್ತಾ ನಿಂತ್ರೆ ಹೆಂಗಿರತ್ತೆ?"

ಪುಸ್ತಕ ಮುಚ್ಚಿದೆ.

ನಾನು ಅಲ್ಲಿಗೆ ಹೋಗಿದ್ದು ನಮ್ಮ ಮೇಷ್ಟ್ರ ಕಾಟಕ್ಕೆ. ನಲವತ್ತು ದಾಟಿದ ಮೇಲೆ ಶನಿವಾರದ ಡ್ರಾಯಿಂಗ್ ಕ್ಲಾಸಿಗೆ ಸೇರಿದವನು ನಾನು. ಹೈಸ್ಕೂಲಿನಲ್ಲಿ ಡ್ರಾಯಿಂಗಿನ ಲೋವರ್ ಗ್ರೇಡ್ ಪರೀಕ್ಷೆ ಪಾಸು ಮಾಡಿ, ಹೈಯರ್ ಗ್ರೇಡಿಗೆ ಫೀಸು ಕಟ್ಟಿ ಪರೀಕ್ಷೆಗೇ ಹೋಗದಿದ್ದವನು. ಕ್ಲಾಸಿನಲ್ಲಿ ಎಲ್ಲರೂ ಮಾರ್ಕೆಟ್ಟಿನ ಚಿತ್ರ ಬರೆದು ತರುತ್ತಿದ್ದೆವು. ತಲೆ ಮೇಲೆ ಮೂಟೆ ಹೊತ್ತವರು, ಗಾಡಿ ನೂಕುವವರು, ಉಬ್ಬಿದ ನರ, ಬೆವರು. ಮೇಷ್ಟ್ರಿಗೆ ಸಾಕಾಗಿತ್ತು. "ಕೆಲಸ ಮಾಡೋರನ್ನ ತರಬೇಡ್ರಪ್ಪ. ಕೆಲಸ ಬಿಟ್ಟು ಕೂತಿರೋರನ್ನ ತನ್ನಿ. ಮೂಟೆ ಬರೆದು ತಪ್ಪಿಸಿಕೊಳ್ತೀರ ನೀವು" ಅಂದರು.

ಹೇಳಿ ಒಂದು ಪ್ರಿಂಟ್ ತೋರಿಸಿದರು. ಫ್ರಾನ್ಸಿನ ಜಾರ್ಜ್ ಸ್ಯೂರಾ ಬರೆದ 'ಆನ್ಯೇರ್‌ನಲ್ಲಿ ಸ್ನಾನ ಮಾಡುವವರು'. ಸೆನ್ ನದಿ ದಡ, ಹಿಂದೆ ಕ್ಲಿಶಿಯ ಕಾರ್ಖಾನೆ ಚಿಮಣಿಗಳು, ಮುಂದೆ ಕೆಲಸಗಾರರ ಮನೆ ಹುಡುಗರು ಸುಮ್ಮನೆ ಕೂತಿದ್ದಾರೆ, ಒಬ್ಬ ಮಲಗಿದ್ದಾನೆ. ಎರಡು ಮೀಟರ್ ಎತ್ತರ, ಮೂರು ಮೀಟರ್ ಅಗಲದ ಚಿತ್ರ. ಅಷ್ಟು ದೊಡ್ಡ ಕ್ಯಾನ್ವಾಸು ಆಗ ಹೆಚ್ಚಾಗಿ ದೇವರಿಗೂ ರಾಜರಿಗೂ ಮೀಸಲು. ಅದರಲ್ಲಿ ಇವನು ಈ ಹುಡುಗರನ್ನು ಕೂರಿಸಿದ. 1884ರ ಸರ್ಕಾರಿ ಪ್ರದರ್ಶನದವರು ಅದನ್ನು ಬೇಡ ಅಂದರು. ಸ್ಯೂರಾಗೆ ಆಗ 24 ವರ್ಷ. ಆದರೆ ನನ್ನನ್ನು ಹಿಡಿದಿದ್ದು ಆ ದೊಡ್ಡ ಚಿತ್ರ ಅಲ್ಲ, ಅದಕ್ಕಾಗಿ ಮೊದಲು ಮಾಡಿಕೊಂಡ ಸ್ಟಡಿಗಳು, ಅಂದರೆ ತಯಾರಿಯ ಚಿತ್ರಗಳು. ಒಂದರಲ್ಲಿ ಹುಲ್ಲಿನ ಟೋಪಿ ಹಾಕಿದ ಹುಡುಗ ಬೆನ್ನು ಬಾಗಿಸಿ, ಮಂಡಿ ಮೇಲೆ ಕೈ ಇಟ್ಟು ಕೂತಿದ್ದಾನೆ. ಗೆರೆಯೇ ಇಲ್ಲ. ಬರೀ ಕಪ್ಪು, ಬೂದು, ಬಿಳಿ. ಹುಡುಗ ಮಂಜಿನಿಂದ ಎದ್ದು ಬಂದ ಹಾಗಿದ್ದಾನೆ.

ಇಷ್ಟೇ ತಾನೇ, ನಾನೂ ಮಾಡ್ತೀನಿ ಅನ್ನಿಸಿತು. ಅನ್ನಿಸತ್ತೆ ಯಾವಾಗಲೂ.

ಅಜ್ಜಿ ಬೈದ ಸದ್ದಿಗೆ ಗಾಡಿಯಲ್ಲಿದ್ದವನು ಎದ್ದ. ಕೆಂಪು ಆರ್‌ಸಿಬಿ ಟೀ ಶರ್ಟು, ತಲೆ ಕೆಳಗಿಂದ ಜಾರಿದ ಟವೆಲ್ಲು. ಏನ್ರಿ ಅನ್ನುವ ಹಾಗೆ ನೋಡಿದ. "ಏನಿಲ್ಲ, ನಿನ್ನನ್ನ ಬರೀತಿದ್ದೆ" ಅಂದೆ. ಅವನ ಮುಖ ಇಳಿದುಹೋಯಿತು. "ಯಾಕ್ರೀ ಸರ? ನಾ ಏನ್ ಮಾಡೀನ್ರಿ? ಗಾಡಿ ತೆಗೀತೀನ್ ತಗೋರಿ."

ಗಾಡಿ ಅಡ್ಡ ನಿಲ್ಲಿಸಿದ್ದಕ್ಕೆ ಹೆಸರು ಬರೆದುಕೊಳ್ತಿದ್ದೀನಿ ಅಂದುಕೊಂಡಿದ್ದ! ಪುಸ್ತಕ ತೋರಿಸಿದ ಮೇಲೆ ನಕ್ಕ. "ಚಿತ್ರ ತೆಗಿಲಕತ್ತೀರೇನ್ರಿ? ಹಂಗನ್ರಲ್ಲ." ನಮ್ಮ ಕಡೆ ಚಿತ್ರ ಬರೀತಾರೆ, ಅವರ ಕಡೆ ತೆಗೀತಾರೆ. ಯಾದಗಿರಿ ಜಿಲ್ಲೆಯವನು. ಹತ್ತೊಂಬತ್ತು ವರ್ಷ ಅಂದ. ನನಗೆ ಪೂರ್ತಿ ನಂಬಿಕೆ ಬರಲಿಲ್ಲ, ಇನ್ನೂ ಚಿಕ್ಕವನ ಹಾಗೆ ಕಾಣ್ತಿದ್ದ. ಅದಕ್ಕೆ ಆಮೇಲೆ ಬರ್ತೀನಿ.

ರಾತ್ರಿಯೆಲ್ಲ ಲೋಡ್ ಇಳಿಸಿ ಸುಸ್ತಾಗಿರಬೇಕು ಅಲ್ವಾ ಅಂತ ಕೇಳಿದೆ. ಕನಿಕರದ ದನಿಯಲ್ಲೇ ಕೇಳಿದ್ದೆ ಅಂತ ಕಾಣುತ್ತೆ.

"ಲೋಡಿಂದಲ್ರೀ ಸರ, ಮ್ಯಾಚಿಂದ."

ಹಿಂದಿನ ರಾತ್ರಿ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ 27 ರನ್‌ಗಳಿಂದ ಸಿಎಸ್‌ಕೆಯನ್ನು ಸೋಲಿಸಿ ಪ್ಲೇಆಫ್‌ಗೆ ಹೋಗಿತ್ತು. ನಡುವೆ ಮಳೆ ಬಂದು ಆಟ ಎಳೆದಿತ್ತು. ದಿನಾ ಇವನು ಸಂಜೆಯೇ ಮಲಗಿ ನಡುರಾತ್ರಿ ದಾಟಿದ ಮೇಲೆ ಏಳುವವನು. ಆವತ್ತು ಆ ನಿದ್ದೆ ಮೊಬೈಲಿಗೆ ಹೋಯಿತು. ಮ್ಯಾಚ್ ಮುಗಿಸಿ ನೇರ ಚೆಂಡುಹೂವಿನ ಮೂಟೆಗೆ ಕೈ ಹಾಕಿದ್ದಾನೆ. ಬೆಂಗಳೂರಿನ ಅರ್ಧ ಜನ ಆವತ್ತು ಹಾಗೇ ತೂಕಡಿಸಿದ್ದರು, ನಾನೂ ಸೇರಿ.

ಮುಂದಿನ ವಾರ ಬರ್ತೀನಿ, ನಿನ್ನನ್ನ ಬರೆಯೋಕೆ ಒಪ್ಪಿಗೆನಾ, ದುಡ್ಡು ಕೊಡ್ತೀನಿ ಅಂದೆ. "ಮಲಗಾಕ ರೊಕ್ಕ ಕೊಡ್ತೀರೇನ್ರಿ?" ಅಂತ ಅಜ್ಜಿ ಕಡೆ ತಿರುಗಿ ನಕ್ಕ. ಅಜ್ಜಿಯೂ ನಕ್ಕರು. ಗಂಟೆಗೆ ಮುನ್ನೂರು, ಜೊತೆಗೆ ಚಹಾ ಅಂತ ಆಯಿತು.

ಮೇ 26. ಭಾನುವಾರ ಮೆಟ್ರೋ ಆಗ ಏಳಕ್ಕೆ ಶುರುವಾಗ್ತಿತ್ತು, ಹಾಗಾಗಿ ತಲುಪಿದಾಗ ಏಳೂಮುಕ್ಕಾಲು. ಕೈಯಲ್ಲಿ ಎ3 ಬೋರ್ಡು, ಕ್ಲಿಪ್ಪು ಹಾಕಿದ ಕಾರ್ಟ್ರಿಡ್ಜ್ ಹಾಳೆ, ಅಂದರೆ ದಪ್ಪ ಡ್ರಾಯಿಂಗ್ ಕಾಗದ. ಎಚ್‌ಬಿ, 2ಬಿ, 4ಬಿ, 6ಬಿ ಪೆನ್ಸಿಲುಗಳು (ಅಂಕಿ ಏರಿದಷ್ಟೂ ಮೆತ್ತಗೆ, ಕಪ್ಪು), ಎಲ್ಲವನ್ನೂ ಬ್ಲೇಡಿನಲ್ಲಿ ಸೀಸ ಉದ್ದ ಬಿಟ್ಟು ಕೆತ್ತಿಕೊಂಡಿದ್ದೆ. ಶಾರ್ಪ್‌ನರ್ ಗಿಡ್ಡ ಮೂತಿ ಕೊಡುತ್ತೆ, ಪೆನ್ಸಿಲನ್ನು ಮಲಗಿಸಿ ಅಗಲವಾಗಿ ಎಳೆಯೋಕೆ ಅದು ಆಗಲ್ಲ. ಹಿಟ್ಟಿನ ಉಂಡೆಯಂಥ ಪುಟ್ಟಿ ರಬ್ಬರ್ ಜೇಬಿನಲ್ಲಿ ಬೆಚ್ಚಗಾಗುತ್ತಿತ್ತು. ತಲೆಕೆಳಗು ಮಾಡಿದ ಪ್ಲಾಸ್ಟಿಕ್ ಕ್ರೇಟಿನ ಮೇಲೆ ಕೂತೆ. ಅವನ ಕಾಲಿನ ಕಡೆಯಿಂದ, ಸ್ವಲ್ಪ ಬಲಕ್ಕೆ.

ಹುಡುಗ ಗಾಡಿ ಹತ್ತಿ ಮಲಗಿದ. ಪೆರೇಡಿನವನ ಹಾಗೆ. ಕಾಲು ಜೋಡಿಸಿ, ಕೈ ಪಕ್ಕಕ್ಕೆ ಒತ್ತಿ, ಕಣ್ಣು ಬಿಗಿಯಾಗಿ ಮುಚ್ಚಿ. ಮಲಗಿದವನಿಗೂ ಮಲಗಿದ ಹಾಗೆ ಮಾಡುವವನಿಗೂ ಇರುವ ವ್ಯತ್ಯಾಸ ಎಷ್ಟು ಅಂತ ನನಗೆ ಆವತ್ತೇ ಗೊತ್ತಾಗಿದ್ದು. ಹಾಗೆ ಮಾಡುವವನ ಯಾವ ಭಾಗವೂ ಹಲಗೆಗೆ ತನ್ನ ಭಾರ ಕೊಟ್ಟಿರಲ್ಲ. ಕುತ್ತಿಗೆಯ ಎರಡು ಸ್ನಾಯು ಹಗ್ಗದ ಹಾಗೆ ಎದ್ದಿದ್ದವು. ನಾನೇನೂ ಹೇಳಲಿಲ್ಲ. ಹಾಳೆಯ ಮೂಲೆಯಲ್ಲಿ ಗಾಡಿಯ ಚಕ್ರ ಬರೆಯುತ್ತಾ ಕೂತೆ. ಹತ್ತು ನಿಮಿಷ ಆಗಿರಬೇಕು, ಬಾಯಿ ಸ್ವಲ್ಪ ತೆರೆಯಿತು. ಎಡ ಮಂಡಿ ಹೊರಗೆ ವಾಲಿತು. ಗಾಡಿ ಅವನಿಗಿಂತ ಗಿಡ್ಡ, ಹಾಗಾಗಿ ಬಲಗಾಲು ಅಂಚು ದಾಟಿ ಜೋತುಬಿತ್ತು. ಬೆನ್ನು ಹಲಗೆಗೆ ಇಳಿಯಿತು. ಇಳಿದದ್ದು ಕಣ್ಣಿಗೆ ಕಂಡಿತು, ನಿಜ.

ಆಗ ಶುರು ಮಾಡಿದೆ.

ಮೊದಲು ಸ್ಯೂರಾನ ದಾರಿ. ಗೆರೆ ಬೇಡ, ಬರೀ ನೆರಳು ಅಂತ 4ಬಿ ಮಲಗಿಸಿ ಉಜ್ಜಿದೆ. ಇಪ್ಪತ್ತು ನಿಮಿಷಕ್ಕೆ ಹಾಳೆ ತುಂಬ ಬೂದು ಕೆಸರು. ಆಮೇಲೆ ಮೇಷ್ಟ್ರು ಕಾರಣ ಹೇಳಿದರು. ಸ್ಯೂರಾ ಬಳಸಿದ್ದು ಕಾಂಟೆ ಕಡ್ಡಿ, ಗಟ್ಟಿ ಕಪ್ಪು. ಹಾಳೆಯೂ ಮಿಶಾಲೆ ಅನ್ನುವ ಒರಟು ಕಾಗದ. ಕಡ್ಡಿ ಆ ಕಾಗದದ ಉಬ್ಬುಗಳಿಗೆ ಮಾತ್ರ ಹತ್ತುತ್ತೆ, ತಗ್ಗುಗಳು ಬಿಳಿಯಾಗಿ ಉಳಿಯುತ್ತವೆ, ಅದಕ್ಕೇ ಆ ಕತ್ತಲೆಯೊಳಗೂ ಗಾಳಿ ಆಡುತ್ತೆ. ನನ್ನ ಕಾರ್ಟ್ರಿಡ್ಜ್ ನುಣುಪು. ಗ್ರಾಫೈಟ್ ಎಲ್ಲಾ ಕಡೆ ಒಂದೇ ಸಮ ಜಾರಿಕೊಂಡು ಕೂರುತ್ತೆ, ಜಾಸ್ತಿ ಒತ್ತಿದರೆ ಬಾಣಲೆ ತಳದ ಹಾಗೆ ಮಿನುಗುತ್ತೆ. ತಮಾಷೆ ಅಂದರೆ ಆ ಕಡ್ಡಿಗೆ ಹೆಸರು ಕೊಟ್ಟ ಕಾಂಟೆಯೇ 1795ರಲ್ಲಿ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ ಸುಟ್ಟು ಈಗಿನ ಪೆನ್ಸಿಲ್ ಮಾಡಿದವನು. ಒಬ್ಬನೇ ಮನುಷ್ಯ. ಸ್ಯೂರಾಗೆ ಆ ಕಡ್ಡಿ ಒಲಿಯಿತು, ನನಗೆ ಈ ಪೆನ್ಸಿಲ್ ಒಲಿಯಲಿಲ್ಲ.

ಹಾಳೆ ಬದಲಿಸಿ ಗೆರೆಗೆ ಬಂದೆ. ಕೈ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ಮೇಲೆ ಹೆಬ್ಬೆರಳು ಸರಿಸಿ ಅಳತೆ. ನಿಂತ ಮನುಷ್ಯ ಏಳೂವರೆ ತಲೆ ಉದ್ದ ಅಂತ ಕ್ಲಾಸಿನಲ್ಲಿ ಕಲಿಸ್ತಾರೆ. ಕಾಲ ಕಡೆಯಿಂದ ನೋಡಿದರೆ ಆ ಲೆಕ್ಕ ಗಾಡಿಯ ಕೆಳಗೆ ಹೋಗುತ್ತೆ. ಅಂಗಾಲಿನಿಂದ ನೆತ್ತಿವರೆಗೆ ಮೂರೂವರೆ ತಲೆ ಅಷ್ಟೇ ಬಂತು. ಅಂಗಾಲೊಂದೇ ಅವನ ಮುಖಕ್ಕಿಂತ ಉದ್ದ. ನಂಬೋಕೆ ಆಗದೆ ಎರಡು ಸಲ ಚಿಕ್ಕದು ಮಾಡಿದೆ, ಎರಡು ಸಲ ಅಳಿಸಿದೆ. ಕೊನೆಗೆ ಹುಡುಗನನ್ನು ಬಿಟ್ಟು ಅವನ ಸುತ್ತ ಇರುವ ಖಾಲಿ ಜಾಗ ಬರೆದೆ. ಮಂಡಿ ಮತ್ತು ಗಾಡಿಯ ಅಂಚಿನ ನಡುವೆ ಒಂದು ತ್ರಿಕೋನ, ಕಂಕುಳ ಹತ್ತಿರ ಒಂದು ಹಲ್ಲಿಯಂಥ ಆಕಾರ. ಆ ಖಾಲಿಗಳು ಸರಿಯಾದವು, ಹುಡುಗ ತಾನೇ ನಡುವೆ ಬಂದು ಕೂತ. ಈ ಉಪಾಯ ಎಲ್ಲರಿಗೂ ಗೊತ್ತು. ಬೇಕಾದಾಗ ನೆನಪಾಗಲ್ಲ ಅಷ್ಟೇ.

ಅಂಗಾಲು ಬರೆಯೋಕೆ ನನಗೆ ಅರ್ಧ ಗಂಟೆ ಹಿಡಿಯಿತು, ಅದು ಖುಷಿಯ ಅರ್ಧ ಗಂಟೆ. ಹಿಮ್ಮಡಿಯ ಅಂಚಿನಲ್ಲಿ ಒಣಗಿದ ಕೆರೆಯ ಬಿರುಕು. ನಡುವಿನ ಗುಂಡಿ ಮಾತ್ರ ಮಗುವಿನದರ ಹಾಗೆ ಮೆತ್ತಗೆ, ಬಿಳಿ. ಬೆರಳ ಸಂದಿಯಲ್ಲಿ ಚೆಂಡುಹೂವಿನ ನಾಲ್ಕೈದು ಎಸಳು ಮೆತ್ತಿಕೊಂಡಿದ್ದವು, ಹಳದಿ. ಅವನ್ನೂ ಬರೆದೆ. ಸ್ವಲ್ಪ ಹಿಂದೆ ಸರಿದು ನೋಡಿದರೆ ಹುಡುಗನ ಕಾಲಿಗೆ ಹುಣ್ಣಾದ ಹಾಗಿತ್ತು! ಬಣ್ಣ ಹೋದ ಹೂವು ಗಾಯದ ಹಾಗೆ ಕಾಣುತ್ತೆ ಅಂತ ಯಾರೂ ಹೇಳಿರಲಿಲ್ಲ. ಪುಟ್ಟಿ ರಬ್ಬರಿನಲ್ಲಿ ಒಂದೊಂದೇ ಎಸಳು ಎತ್ತಿದೆ.

ತಲೆ ಮಾತ್ರ ಕೂರಲಿಲ್ಲ. ಟವೆಲ್ಲನ್ನು ಸುತ್ತಿ ದಿಂಬು ಮಾಡಿಕೊಂಡಿದ್ದ. ಮೂಟೆ ಹೊರುವಾಗ ಸಿಂಬೆಯಾಗುವುದೂ ಅದೇ ಟವೆಲ್ಲು. ಅಳತೆ ಪ್ರಕಾರ ಅವನ ಗದ್ದ ಎದೆಗೆ ತುಂಬಾ ಹತ್ತಿರ, ತಲೆ ತುಂಬಾ ಮೇಲೆ. ಒಂದು ತೆಳು ಟವೆಲ್ಲು ಅಷ್ಟು ಎತ್ತರ ಕೊಡಲ್ಲ ಅಂತ ನನ್ನ ಬುದ್ಧಿ ಹೇಳುತ್ತಿತ್ತು. ಕಣ್ಣು ಒಂದು ಹೇಳುತ್ತೆ, ಬುದ್ಧಿ ಒಂದು. ನಾನು ರಾಜಿ ಮಾಡಿದೆ, ಎರಡರ ನಡುವೆ ಇಟ್ಟೆ.

ಆ ವಾರ ಮನೆಯಲ್ಲಿ ಒಂದು ತಪ್ಪು ಮಾಡಿದೆ. ಹುಡುಗ ಎದುರಿಗೆ ಇರಲಿಲ್ಲ, ರಾತ್ರಿ ಹತ್ತೂವರೆ, ಟೇಬಲ್ ದೀಪ. ಕೆನ್ನೆ ಕೆಳಗೆ ಒಂಚೂರು ಕಪ್ಪು ಕೊಟ್ಟೆ, ಚೆನ್ನಾಗಿದೆ ಅನ್ನಿಸಿತು. ಕಣ್ಣಿನ ಗುಳಿಗೆ ಕೊಟ್ಟೆ. ಟೀ ಶರ್ಟಿನ ಮಡಿಕೆಗಳನ್ನು ಹಾಗೇ ತಿದ್ದುತ್ತಾ ಹೋಗಿ ಪಕ್ಕೆಲುಬು ಮಾಡಿಬಿಟ್ಟೆ. ಎಲುಬು ಕಾಣಿಸುತ್ತಲೇ ಇರಲಿಲ್ಲ ಅವನಿಗೆ! ಶನಿವಾರ ಮೇಷ್ಟ್ರು ಬೋರ್ಡನ್ನು ಗೋಡೆಗೆ ಒರಗಿಸಿ ದೂರ ನಿಂತರು.

"ಯಾರಿದು?"

"ಮಾರ್ಕೆಟ್ ಹುಡುಗ, ಸಾರ್."

"ಏನಾಗಿದೆ ಅವನಿಗೆ?"

"ಏನಾಗಿಲ್ಲ. ಮಲಗಿದಾನೆ."

"ನೀನು ಸಾಯಿಸಿದೀಯಲ್ಲಯ್ಯ" ಅಂದರು. ಫೋನಿನಲ್ಲಿ ಇಟಲಿಯ ಹಳೇ ಚಿತ್ರಕಾರ ಮಾಂಟೆನ್ಯ ಬರೆದ ಏಸುವಿನ ಚಿತ್ರ ತೆಗೆದು ಪಕ್ಕ ಹಿಡಿದರು. ಮಿಲಾನಿನಲ್ಲಿರುವ ಆ ಚಿತ್ರದಲ್ಲೂ ಅಂಗಾಲು ನಮ್ಮ ಕಡೆಗೆ, ದೇಹ ಆ ಕಡೆಗೆ ಕುಗ್ಗುತ್ತಾ ಹೋಗುತ್ತೆ. ಅದು ಹೆಣ. ನಂದೂ ಹಾಗೇ ಆಗಿತ್ತು. ಆಮೇಲೆ ಕುತ್ತಿಗೆ ಹತ್ತಿರ ಬೆರಳು ತಂದು, "ತಲೆ ಯಾಕೆ ಗಾಳಿಯಲ್ಲಿದೆ? ಯಾವುದರ ಮೇಲೆ ಕೂತಿದೆ ಇದು?" ಅಂದರು.

ಟವೆಲ್ಲು ಅಂದೆ. ಟವೆಲ್ಲು ಹೊರಲ್ಲ ಇಷ್ಟು ತಲೆ ಅಂದರು. ನನಗೂ ಅದೇ ಅನುಮಾನ ಇತ್ತಲ್ಲ.

ಆಮೇಲೆ ಅವರು ಹೇಳಿಕೊಟ್ಟಿದ್ದು ಒಂದೇ. ದೇಹ ಹಲಗೆಯನ್ನು ಒತ್ತುವ ಜಾಗಗಳನ್ನು ಹುಡುಕು, ಅಲ್ಲಿ ಮಾತ್ರ ಗೆರೆ ದಪ್ಪ ಮಾಡು. ಹಿಮ್ಮಡಿ, ಕುಂಡೆ, ಹೆಗಲಿನ ಎಲುಬು, ತಲೆಯ ಹಿಂಭಾಗ. ಮಿಕ್ಕದ್ದು ಎಚ್‌ಬಿಯಲ್ಲಿ ಇದ್ದೂ ಇಲ್ಲದ ಹಾಗೆ ಇರಲಿ. ನಾನು ಅಲ್ಲೇ ಕೂತು ಪಕ್ಕೆಲುಬು ಅಳಿಸಿದೆ. ಕೆನ್ನೆ ತುಂಬಿದೆ. ಅಳಿಸಿದಷ್ಟೂ ಹುಡುಗನಿಗೆ ಜೀವ ಬಂತು, ನನಗೆ ನಾಚಿಕೆ ಬಂತು. ಮ್ಯಾಚಿಂದ ಅಂತ ಅವನು ಬಾಯಿಬಿಟ್ಟು ಹೇಳಿದ್ದ. ಆದರೂ ನಾನು ಅವನನ್ನು ಹಸಿದವನನ್ನಾಗಿ ಮಾಡಿದ್ದೆ.

ಜೂನ್ 2, ಮೂರನೇ ಭಾನುವಾರ. ಅವನಿಗೆ ಈಗ ಅಭ್ಯಾಸ ಆಗಿತ್ತು, ಚಹಾ ಕುಡಿದು ಎರಡೇ ನಿಮಿಷಕ್ಕೆ ನಿದ್ದೆ. ಪ್ಲೇಆಫ್‌ನಲ್ಲಿ ರಾಜಸ್ಥಾನದ ಕೈಲಿ ಸೋತು ಟೀಮು ಮನೆಗೆ ಹೋಗಿತ್ತು, ಕೆಂಪು ಶರ್ಟು ಮಾತ್ರ ಹಾಗೇ ಇತ್ತು. ಈ ಸಲ ಕೈ ಬರೆಯೋದು ಅಂತ ಹೋಗಿದ್ದೆ. ಎಡಗೈ ಹೊಟ್ಟೆ ಮೇಲಿತ್ತು. ಮಲಗಿದವರ ಬೆರಳು ನೇರ ಇರಲ್ಲ, ಯಾರದ್ದಾದರೂ ಅರ್ಧ ಮಡಚಿಕೊಂಡೇ ಇರುತ್ತೆ. ಇವನದು ಇನ್ನೂ ಜಾಸ್ತಿ, ಗಾಡಿಯ ಹಿಡಿಯಷ್ಟು ದಪ್ಪದ ಏನೋ ಒಂದನ್ನು ಹಿಡಿದ ಹಾಗೆ. ಬೆರಳ ಬುಡದಲ್ಲಿ ನಾಲ್ಕು ಜಡ್ಡು, ಸಾಲಾಗಿ.

ತೋರುಬೆರಳಿನ ಉಗುರಿನಲ್ಲಿ ಒಂದು ಕಪ್ಪು. ಪೆಟ್ಟು ಬಿದ್ದು ರಕ್ತ ಕಟ್ಟಿದೆ ಅಂದುಕೊಂಡು 6ಬಿ ತಗೊಂಡೆ. ಹತ್ತಿರ ಬಗ್ಗಿ ನೋಡಿದರೆ ಅದು ಓಟಿನ ಶಾಯಿ. ಅವರ ಕಡೆ ಮೇ 7ಕ್ಕೆ ಮತದಾನ, ಊರಿಗೆ ಹೋಗಿ ಬಂದಿದ್ದ. ಚರ್ಮದ ಮೇಲಿನ ಗೆರೆ ಆಗಲೇ ಹೋಗಿತ್ತು. ಉಗುರಿನದು ಉಳಿದಿತ್ತು. ಆ ಶಾಯಿ ದೇಶಕ್ಕೆಲ್ಲ ಹೋಗುವುದು ನಮ್ಮ ಮೈಸೂರಿನ ಪೇಂಟ್ಸ್ ಕಾರ್ಖಾನೆಯಿಂದ. 1962ರ ಚುನಾವಣೆಯಿಂದಲೂ ಹಾಗೇ. ಉಗುರಿಗೆ ಹತ್ತಿದರೆ ಉಗುರು ಬೆಳೆದೇ ಹೋಗಬೇಕು. ಬುಡದಲ್ಲಿ ಹೊಸ ಉಗುರು ಒಂದು ತೆಳು ಬಿಳಿ ಚಂದ್ರನ ಹಾಗೆ ಬಂದು ಕಪ್ಪನ್ನು ಮುಂದಕ್ಕೆ ನೂಕಿತ್ತು, ಇಪ್ಪತ್ತಾರು ದಿನದಷ್ಟು. ಅಕ್ಕಿಕಾಳಿಗಿಂತ ಚಿಕ್ಕ ಆ ಬಿಳಿಯನ್ನು ಉಳಿಸಿಕೊಂಡು ಸುತ್ತ ಕಪ್ಪು ತುಂಬಿದೆ. ಇಡೀ ಚಿತ್ರದಲ್ಲಿ ನನಗೆ ಇಷ್ಟವಾದ ಜಾಗ ಅದು. ವಯಸ್ಸಿನ ಅನುಮಾನವೂ ಅಲ್ಲಿಗೆ ಮುಗಿಯಿತು. ಹದಿನೆಂಟು ಆಗದೆ ಆ ಕಪ್ಪು ಸಿಗಲ್ಲ.

ತಲೆಯನ್ನು ಮತ್ತೆ ಅಳೆದೆ. ಮತ್ತೆ ಅದೇ ಎತ್ತರ. ಈ ಸಲ ಬುದ್ಧಿಯ ಮಾತು ಕೇಳದೆ, ಕಂಡಲ್ಲೇ ಇಟ್ಟು ಬಂದೆ. ತಪ್ಪಾದರೆ ಆಗಲಿ.

ಆವತ್ತು ಸಂಜೆ ಬಂದ ಮಳೆ ನಿಮಗೆ ನೆನಪಿರಬೇಕು. ಒಂದೇ ದಿನಕ್ಕೆ 111 ಮಿ.ಮೀ., ಜೂನ್ ತಿಂಗಳಲ್ಲಿ ಬೆಂಗಳೂರು ನೂರಮೂವತ್ತು ವರ್ಷದಿಂದ ಕಾಣದ ಮಳೆ. ಬೋರ್ಡನ್ನು ಕಿಟಕಿ ಪಕ್ಕ ಒರಗಿಸಿ ಹಾಲು ತರೋಕೆ ಹೋಗಿದ್ದೆ, ವಾಪಸ್ ಬರೋಕೆ ಆಗಲಿಲ್ಲ. ಬಂದಾಗ ಹಾಳೆಯ ಎಡ ಮೂಲೆ ಹಪ್ಪಳದ ಹಾಗೆ ಎದ್ದಿತ್ತು. ಎದೆ ಬಡಿದುಕೊಂಡೆ. ಗ್ರಾಫೈಟ್ ನೀರಿಗೆ ಕರಗಲ್ಲ ಅನ್ನುವುದು ಆಗ ಉಪಕಾರಕ್ಕೆ ಬಂತು. ಒರೆಸಲು ಹೋಗಲಿಲ್ಲ, ಒರೆಸಿದ್ದರೆ ಕೆಡುತ್ತಿತ್ತು. ಒಣಗಿದ ಮೇಲೆ ಎರಡು ಹಾಳೆ ನಡುವೆ ಇಟ್ಟು ಮೇಲೆ ಕಡಲೆಹಿಟ್ಟಿನ ಡಬ್ಬ, ಅದರ ಮೇಲೆ ಡಿಕ್ಷನರಿ. ಗಾಡಿಯ ಚಕ್ರದ ಹತ್ತಿರ ನಾಲ್ಕು ಹನಿ ಕಲೆ ಉಳಿದಿವೆ, ಗೆರೆ ಎಲ್ಲೂ ಹೋಗಿಲ್ಲ.

ಜೂನ್ 9ಕ್ಕೆ ತಗೊಂಡು ಹೋದೆ. ಮೊದಲು ಅಜ್ಜಿಗೆ ತೋರಿಸಿದೆ. "ಮೂಗು ಅವ್ನದೇ" ಅಂದರು, ಅಷ್ಟೇ. ಹುಡುಗ ಕೈ ಒರೆಸಿಕೊಂಡು ಅಂಚಿನಲ್ಲಿ ಮಾತ್ರ ಹಿಡಿದ. ತುಂಬಾ ಹೊತ್ತು ನೋಡಿದ.

"ಕಾಲು ಇಷ್ಟ್ ದೊಡ್ಡವೇನ್ರಿ ನಂವು?"

ಹತ್ತಿರ ಇದ್ದದ್ದು ದೊಡ್ಡದಾಗಿ ಕಾಣುತ್ತೆ ಅಂತ ವಿವರಿಸಿದೆ. ಒಪ್ಪಿದ ಹಾಗೆ ಕಾಣಲಿಲ್ಲ. ಕೈ ನೋಡಿದ, ಉಗುರು ನೋಡಿ ನಕ್ಕು ತನ್ನ ಬೆರಳನ್ನು ಪಕ್ಕ ಹಿಡಿದ. ಶಾಯಿ ಇನ್ನೂ ಮುಂದಕ್ಕೆ ಹೋಗಿತ್ತು. ಆಮೇಲೆ ತಲೆ ಹತ್ತಿರ ಬಂದು ನಿಂತ.

"ಚಪ್ಪಲ್ ಎಲ್ಲಿ ಹೋದ್ವ್ರೀ ಸರ?"

"ಯಾವ ಚಪ್ಪಲಿ?"

"ತೆಳಗ ಇಟ್ಕೊಂಡಿರ್ತೀನಲ್ರಿ. ಟವೆಲದಾಗ ಸುತ್ತಿ. ಇಲ್ಲಾಂದ್ರ ಯಾರರ ಒಯ್ತಾರ್ರೀ ಇಲ್ಲಿ."

ನಾನು ಮೂರು ವಾರ ಆ ಬರಿಗಾಲು ಬರೆದೆ. ಬಿರುಕು ಎಣಿಸಿದೆ. ಚಪ್ಪಲಿ ಎಲ್ಲಿ ಬಿಟ್ಟಿದ್ದಾನೆ ಅಂತ ಒಂದು ಸಲವೂ ಯೋಚಿಸಿರಲಿಲ್ಲ. ಟವೆಲ್ಲಿನೊಳಗೆ ಒಂದರ ಮೇಲೊಂದು ಎರಡು ಹವಾಯಿ ಚಪ್ಪಲಿ, ಅದರ ಮೇಲೆ ತಲೆ. ಕಣ್ಣು ಹೇಳಿದ್ದ ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಅಲ್ಲೇ ಕ್ರೇಟಿನ ಮೇಲೆ ಕೂತು ಪೆನ್ಸಿಲ್ ತೆಗೆದೆ. ಒಂದು ತುದಿ ಕಾಣುವ ಹಾಗೆ ಮಾಡ್ತೀನಿ ಅಂದೆ. ಟವೆಲ್ಲಿನ ಬಾಯಿಂದ ಚಪ್ಪಲಿಯ ಮೂತಿ ಒಂದಿಷ್ಟು ಹೊರಗೆ, ಪಟ್ಟಿ ಶುರುವಾಗುವ ಜಾಗ. ಹುಡುಗ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ, ಅವನ ಉಸಿರಲ್ಲಿ ಚಹಾದ ವಾಸನೆ. ಪಟ್ಟಿಗೆ ನೆರಳು ಕೊಡೋಕೆ 4ಬಿ ಇಳಿಸಿದ್ದೆ ಅಷ್ಟೇ, ಕೈ ಹಿಡಿದ.

"ಕರಿದು ಮಾಡಬ್ಯಾಡ್ರಿ. ನೀಲಿ ಅದಾವ್ರಿ ಅವು."

ಪೆನ್ಸಿಲಿನಲ್ಲಿ ನೀಲಿ ಬರಲ್ಲಪ್ಪ, ನಿನ್ನ ಕೆಂಪು ಶರ್ಟೂ ಬೂದು ಆಗಿಲ್ವಾ ಅಂದೆ.

"ಶರ್ಟ್ ಏನರ ಆಗ್ಲಿ ಬಿಡ್ರಿ. ಕರೀ ಪಟ್ಟಿ ಇದ್ರ ಅವು ನಂವಲ್ರಿ."

ಹೊರಗಿನ ಗೆರೆ ಮಾತ್ರ ಎಳೆದು ಪಟ್ಟಿಯನ್ನು ಬಿಳಿ ಬಿಟ್ಟೆ. ಫೋನಿನಲ್ಲಿ ಚಿತ್ರದ ಫೋಟೋ ಹೊಡೆದುಕೊಂಡು ಗಾಡಿ ನೂಕಿಕೊಂಡು ಹೋದ.